ಅಂತ್ಯಕ್ರಿಯೆ ಸೇವೆ ಚೆನ್ನಾಗಿದೆ, ಬೂದಿಯ ವಿಷಯ ಮಾತ್ರ ಗೊತ್ತಿಲ್ಲ

ದೊಡ್ಡಪ್ಪ ತೀರಿಕೊಂಡಾಗ ಬೆಂಗಳೂರಿನ ಒಂದು ಅಂತ್ಯಕ್ರಿಯೆ ಸಂಸ್ಥೆಗೆ ಕೆಲಸ ಒಪ್ಪಿಸಿದ್ದೆವು. ಫ್ರೀಜರ್ ಬಾಕ್ಸ್, ಗಾಡಿ, ವಿದ್ಯುತ್ ಚಿತಾಗಾರದ ಬುಕಿಂಗ್ ಎಲ್ಲ ಹೇಳಿದ ಹೊತ್ತಿಗೆ ಆಯಿತು. ಚರ್ಚಿನಲ್ಲಿ ಬಲಿಪೂಜೆ (ಫಾದರ್ ನಡೆಸುವ ಮಾಸ್ ಪ್ರಾರ್ಥನೆ) ಮುಗಿಯುವ ತನಕ ಹುಡುಗರು ಪೆಟ್ಟಿಗೆ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು, ದುಡ್ಡಿಗೆ ಪೀಡಿಸಲಿಲ್ಲ.

ಬೇಜಾರಾಗಿದ್ದು ಬೂದಿ ಕೊಡುವಾಗ. "ಶ್ರೀರಂಗಪಟ್ಟಣಕ್ಕೆ ಗಾಡಿ ಮಾಡ್ತೀವಿ, ಇಲ್ಲಾಂದ್ರೆ ಮಕ್ಕಳಿಗೆ ಒಂದೊಂದು ಪುಟ್ಟ ಡಬ್ಬಿ, ಲಾಕೆಟ್ ಕೂಡ ಇದೆ" ಅಂದರು. ಕಥೋಲಿಕರಿಗೆ ಇದ್ಯಾವುದೂ ಆಗುವುದಿಲ್ಲ. ಸುಡುವುದಕ್ಕೆ 1963ರಿಂದಲೇ ಒಪ್ಪಿಗೆ ಇದೆ, ಹೂಳುವುದು ಮೇಲು ಅನ್ನುತ್ತಾರೆ ಅಷ್ಟೇ. ಆದರೆ 2016ರ ವ್ಯಾಟಿಕನ್ ಸೂಚನೆ ಪ್ರಕಾರ ಬೂದಿಯನ್ನು ನೀರಿಗೆ ಬಿಡಬಾರದು, ಗಾಳಿಗೆ ತೂರಬಾರದು, ಮನೆಯವರು ಹಂಚಿಕೊಳ್ಳಬಾರದು, ಒಡವೆ ಮಾಡಿಸಬಾರದು, ಸಿಮಿತ್ರಿಯಂಥ (ಕ್ರೈಸ್ತರ ಸ್ಮಶಾನ) ಪವಿತ್ರ ಜಾಗದಲ್ಲೇ ಇಡಬೇಕು. ಮನೆಯಲ್ಲಿ ಇಟ್ಟುಕೊಳ್ಳಲು ಬಿಷಪ್ಪರ ಅನುಮತಿ ಬೇಕು, ಅದೂ ತೀರಾ ಅಪರೂಪಕ್ಕೆ. 2023ರ ಡಿಸೆಂಬರಿನಲ್ಲಿ ಸ್ವಲ್ಪ ಸಡಿಲ ಮಾಡಿದರು: ಸತ್ತವರ ಬದುಕಿಗೆ ಮುಖ್ಯವಾಗಿದ್ದ ಜಾಗದಲ್ಲಿ ಚೂರು ಭಾಗ ಇಡಬೇಕೆಂದು ಕೇಳಿಕೊಂಡರೆ ಚರ್ಚ್ ಅಧಿಕಾರಿಗಳು ಪರಿಶೀಲಿಸಬಹುದು. ದೇಹಕ್ಕೂ ಪುನರುತ್ಥಾನ ಇದೆ ಅನ್ನುವ ನಂಬಿಕೆ ನಮ್ಮದು. ಸಮಾಧಿ ಇದ್ದರೆ ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ಕ್ಕೆ ಯಾರು ಬೇಕಾದರೂ ಬಂದು ಪ್ರಾರ್ಥಿಸಬಹುದು, ಅಲ್ವಾ?

ದುಃಖದಲ್ಲಿರುವವರಿಗೆ ಆ ಹೊತ್ತಿಗೆ ಇದೆಲ್ಲ ಹೊಳೆಯುವುದಿಲ್ಲ. ದೊಡ್ಡಮ್ಮ ಲಾಕೆಟ್‌ಗೆ ಹೂಂ ಅಂದುಬಿಟ್ಟಿದ್ದರು. ಆಮೇಲೆ ಫಾದರ್ ಸಮಾಧಾನ ಹೇಳಿ, ಮನೆತನದ ಹಳೇ ಸಮಾಧಿಯಲ್ಲೇ ಬೂದಿ ಇಡಲು ಜಾಗ ಮಾಡಿಕೊಟ್ಟರು.

4 ಸ್ಟಾರ್ ಕೊಡುತ್ತೇನೆ. ಕಥೋಲಿಕ ಕುಟುಂಬ ಅಂತ ಗೊತ್ತಾದಾಗ "ಫಾದರ್‌ನ ಒಂದ್ಸಲ ಕೇಳಿ" ಅಂತ ಹೇಳುವುದನ್ನು ದಯವಿಟ್ಟು ಶುರು ಮಾಡಿ.