ಉಬುಂಟು ಅಪ್‌ಡೇಟ್‌ಗೆ ನಾಲ್ಕು ದಾರಿ: 42 ಮಷಿನ್‌ಗಳ ಮೇಲೆ ನಾನೇ ಬಳಸಿ ನೋಡಿದ್ದು

2024ರ ಜುಲೈ 1ರಂದು, ದೂರದಿಂದ ಮಷಿನ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದ ದೋಷವೊಂದು ಹೊರಬಿತ್ತು. ಅದರ ಗುರುತಿನ ಸಂಖ್ಯೆ ಸಿವಿಇ-2024-6387. ಪಾಸ್‌ವರ್ಡ್ ಗೊತ್ತಿಲ್ಲದ ಹೊರಗಿನವರಿಗೂ ರೂಟ್ ಅಧಿಕಾರ (ಮಷಿನ್‌ನ ಪೂರ್ತಿ ಹಿಡಿತ) ಸಿಕ್ಕಿಬಿಡಬಹುದಾದ ದೋಷ ಅದು. ನಾನು ನೋಡಿಕೊಳ್ಳುವ ತರಬೇತಿ ಕೇಂದ್ರದಲ್ಲಿ 12 ಸರ್ವರ್, 30 ಲ್ಯಾಬ್ ಡೆಸ್ಕ್‌ಟಾಪ್ ಇವೆ. ಎಲ್ಲವೂ ಉಬುಂಟು 22.04, ಎಲ್ಲದರಲ್ಲೂ ಎಸ್‌ಎಸ್‌ಎಚ್ ಸರ್ವರ್ ಓಡುತ್ತಿತ್ತು. ದೋಷ ಸರಿಪಡಿಸುವ ಉಬುಂಟು ಪ್ಯಾಚ್ ಬೇಗ ಬಂತು. ಆದರೆ ಯಾವ ಮಷಿನ್‌ಗೆ ಪ್ಯಾಚ್ ಬಿದ್ದಿದೆ, ಯಾವುದು ಉಳಿದಿದೆ ಎಂದು ಕೇಳಿದವರಿಗೆ ಉತ್ತರ ಕೊಡಲು ನನಗೆ ಅರ್ಧ ದಿನ ಹಿಡಿಯಿತು. ಅವತ್ತಿನಿಂದ ನಾಲ್ಕು ದಾರಿಗಳನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದೆ.

ಮೊದಲನೆಯದು ಉಬುಂಟು ಜೊತೆಗೇ ಬರುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್. ಸುಮ್ನೆ ಬಿಟ್ಟರೂ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ತಾನೇ ಹಾಕುತ್ತದೆ. ಬೆಳಿಗ್ಗೆ 6 ಗಂಟೆಯಿಂದ ಒಂದು ತಾಸಿನೊಳಗೆ ಯಾವಾಗಲಾದರೂ ಶುರುವಾಗುತ್ತದೆ. ಆ ಹೊತ್ತಿಗೆ ಮಷಿನ್ ಆಫ್ ಆಗಿದ್ದರೆ, ಆನ್ ಮಾಡಿದ ಮೇಲೆ ಕೆಲಸ ಶುರು. ನಮ್ಮ ಲ್ಯಾಬ್ ತೆರೆಯುವುದು 9ಕ್ಕೆ. ವಿದ್ಯಾರ್ಥಿ ಆಗಲೇ ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಡಿಪಿಕೆಜಿ ಲಾಕ್ ಎರರ್ ಬರುತ್ತಿತ್ತು, ಅಂದರೆ ಇನ್‌ಸ್ಟಾಲ್ ಮಾಡುವ ವ್ಯವಸ್ಥೆ ಆಗಲೇ ಬೇರೆ ಕೆಲಸದಲ್ಲಿದೆ ಎಂಬ ಸೂಚನೆ. ಹತ್ತು ನಿಮಿಷ ಕಾದರೆ ಸರಿಹೋಗುತ್ತದೆ ಎಂದು ಬೋರ್ಡ್ ಮೇಲೆ ಬರೆದಿಟ್ಟೆವು. ದೊಡ್ಡ ಕೊರತೆ ಬೇರೆ ಇದೆ. ಪ್ರತಿ ಮಷಿನ್ ತನ್ನ ಪಾಡಿಗೆ ತಾನು ಅಪ್‌ಡೇಟ್ ಆಗುತ್ತದೆ, ಎಲ್ಲವನ್ನೂ ಒಟ್ಟಿಗೆ ನೋಡುವ ಜಾಗವೇ ಇಲ್ಲ. ರೀಬೂಟ್ ಕೂಡ ತಾನಾಗಿ ಮಾಡುವುದಿಲ್ಲ. ಹಾಗಾಗಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಹೊಸದು ಬಂದರೂ ಓಡುತ್ತಿರುವುದು ಹಳೆಯದೇ.

ಎರಡನೆಯದು ಪಪೆಟ್, ಹಲವು ಮಷಿನ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ತಂತ್ರಾಂಶ. ಅದರ ಮೇಲೆ ನನಗೆ ತುಂಬಾ ನಿರೀಕ್ಷೆ ಇತ್ತು. ಪ್ರತಿ ಮಷಿನ್‌ನಲ್ಲಿ ಒಂದು ಏಜೆಂಟ್, ಅಂದರೆ ಹಿನ್ನೆಲೆಯಲ್ಲಿ ಓಡುವ ಚಿಕ್ಕ ಪ್ರೋಗ್ರಾಂ. ಅದು ಅರ್ಧ ಗಂಟೆಗೊಮ್ಮೆ ಮುಖ್ಯ ಸರ್ವರ್ ಹತ್ತಿರ ಹೋಗಿ ತಾನು ಹೇಗಿರಬೇಕು ಎಂದು ಕೇಳಿಕೊಂಡು ಬರುತ್ತದೆ. ಲ್ಯಾಬ್‌ಗೆ ಇದು ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಮೂರು ದಿನ ಆಫ್ ಆಗಿದ್ದ ಡೆಸ್ಕ್‌ಟಾಪ್ ಕೂಡ ಆನ್ ಆದ ಮೇಲೆ ತಾನೇ ದಾರಿಗೆ ಬರುತ್ತದೆ.

ಸರ್ವರ್‌ಗಳಲ್ಲಿ ಪೆಟ್ಟು ಬಿತ್ತು. ನಮ್ಮ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ನ ಪ್ಯಾಕೇಜ್‌ಗೆ ಪಪೆಟ್‌ನಲ್ಲಿ 'ಎನ್‌ಶೂರ್ ಲೇಟೆಸ್ಟ್' ಎಂದು ಬರೆದಿದ್ದೆ. ಯಾವಾಗಲೂ ಹೊಸದೇ ಇರಲಿ ಎಂಬುದು ಅದರ ಅರ್ಥ, ಯಾವಾಗ ಹಾಕಬೇಕು ಎಂಬುದು ಆ ಸಾಲಿನಲ್ಲಿ ಇಲ್ಲ. ಒಂದು ಮಧ್ಯಾಹ್ನ ಹೊಸ ಪ್ಯಾಕೇಜ್ ರೆಪೊಸಿಟರಿಗೆ (ಪ್ಯಾಕೇಜ್‌ಗಳ ಸಂಗ್ರಹಕ್ಕೆ) ಬಂತು. ಮುಂದಿನ ಅರ್ಧ ಗಂಟೆಯೊಳಗೆ ಮುಖ್ಯ ಡೇಟಾಬೇಸ್, ಅದರ ರೆಪ್ಲಿಕಾ (ಬೇರೆ ಸರ್ವರ್‌ನಲ್ಲಿರುವ ನಕಲು) ಎರಡೂ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದವು. ಪರೀಕ್ಷೆ ಬರೆಯುತ್ತಿದ್ದ ಮಕ್ಕಳ ಪರದೆಗಳು ನಿಂತುಹೋದವು. ತಪ್ಪು ನಾನು ಬರೆದ ಸಾಲಿನದೇ. 'ಇನ್‌ಸ್ಟಾಲ್ಡ್' ಎಂದಷ್ಟೇ ಬರೆದು, ಅಪ್‌ಡೇಟ್ ಕೆಲಸವನ್ನು ಬೇರೆ ಕಡೆ ಇಡಬೇಕಿತ್ತು. ಹೊಸದಾಗಿ ಪಪೆಟ್ ಕಲಿಯುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಮೂರನೆಯದು ಸಾಲ್ಟ್, ಪಪೆಟ್ ತರಹದ್ದೇ ಇನ್ನೊಂದು ತಂತ್ರಾಂಶ. ಬಳಸಿದ್ದು ಎರಡೇ ವಾರ. ಎಲ್ಲ ಮಷಿನ್‌ಗಳಲ್ಲಿ ಓಪನ್‌ಎಸ್‌ಎಸ್‌ಎಚ್ ಯಾವ ಆವೃತ್ತಿ ಇದೆ ಎಂದು ಕೇಳಿದರೆ ಕೆಲವೇ ಸೆಕೆಂಡಿನಲ್ಲಿ ಉತ್ತರ! ಆ ವೇಗ ನನಗೆ ಬಹಳ ಹಿಡಿಸಿತು. ಆದರೆ ಎಲ್ಲಕ್ಕೂ ಆದೇಶ ಕೊಡುವ ಮುಖ್ಯ ಸರ್ವರ್, ಅಂದರೆ ಮಾಸ್ಟರ್, ದಾಳಿಕೋರರ ಕೈಗೆ ಸಿಕ್ಕರೆ ಎಲ್ಲ ಮಷಿನ್‌ಗಳೂ ಸಿಕ್ಕ ಹಾಗೆ. 2020ರಲ್ಲಿ ಸಾಲ್ಟ್ ಮಾಸ್ಟರ್‌ನಲ್ಲೇ ಅಂಥ ದೋಷ ಸಿಕ್ಕಿತ್ತು. ಅದನ್ನು ಕಾಯುವ ಹೆಚ್ಚುವರಿ ಹೊರೆ ಒಬ್ಬನೇ ಇರುವ ನನಗೆ ಬೇಡವೆನಿಸಿತು.

ನಾಲ್ಕನೆಯದು ಆನ್ಸಿಬಲ್, ಇದೂ ಅದೇ ಕೆಲಸದ ತಂತ್ರಾಂಶ. ಸರ್ವರ್‌ಗಳಿಗೆ ಈಗ ಇದನ್ನೇ ಬಳಸುತ್ತೇನೆ. ಏಜೆಂಟ್ ಬೇಕಿಲ್ಲ, ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು. ನಾನು ಓಡಿಸಿದಾಗ ಮಾತ್ರ ಓಡುತ್ತದೆ. ನನ್ನ ಪ್ಲೇಬುಕ್‌ನಲ್ಲಿ (ಮಾಡಬೇಕಾದ ಕೆಲಸಗಳನ್ನು ಬರೆದಿಡುವ ಫೈಲ್) ಎಲ್ಲಕ್ಕಿಂತ ಬೆಲೆಬಾಳುವ ಸಾಲು 'ಸೀರಿಯಲ್ 1'. ಒಂದು ಸರ್ವರ್ ಮುಗಿದ ಮೇಲೇ ಇನ್ನೊಂದು. ಮೊದಲು ಟೆಸ್ಟ್ ಸರ್ವರ್ ಅಪ್‌ಡೇಟ್ ಆಗುತ್ತದೆ. ರೀಬೂಟ್ ಬೇಕು ಎಂದು ಉಬುಂಟು ಬಿಟ್ಟುಹೋಗುವ 'ರೀಬೂಟ್ ರಿಕ್ವೈರ್ಡ್' ಫೈಲ್ ಇದ್ದರೆ ರೀಬೂಟ್ ಆಗುತ್ತದೆ. ನಂತರ ವೆಬ್ ಪುಟ ತೆರೆಯುತ್ತದೆಯೇ ಎಂದು ನೋಡುತ್ತದೆ. ತೆರೆಯದಿದ್ದರೆ ಅಲ್ಲಿಗೇ ನಿಲ್ಲುತ್ತದೆ, ಉಳಿದ ಹನ್ನೊಂದು ಹಾಗೇ ಕ್ಷೇಮ. ಕೊನೆಯಲ್ಲಿ ಪ್ರತಿ ಸರ್ವರ್‌ನ ಸ್ಥಿತಿ ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಆ ಜುಲೈನಲ್ಲಿ ನನಗೆ ಬೇಕಾಗಿದ್ದು ಈ ಪಟ್ಟಿ.

ಆವೃತ್ತಿ ನೋಡುವಾಗ ಒಂದು ಎಚ್ಚರ. ಉಬುಂಟು ಹಳೆಯ ಆವೃತ್ತಿಗೇ ಪ್ಯಾಚ್ ಸೇರಿಸುತ್ತದೆ. ಆ ಜುಲೈನಲ್ಲಿ ದೋಷ ಸರಿಯಾದ ಮೇಲೂ ಓಪನ್‌ಎಸ್‌ಎಸ್‌ಎಚ್‌ನ ಸಂಖ್ಯೆ 8.9ಪಿ1 ಎಂದೇ ಇತ್ತು, ಬದಲಾಗಿದ್ದು ಬಾಲದ 'ಉಬುಂಟು0.10' ಭಾಗ ಮಾತ್ರ. ಮುಂಭಾಗ ಮಾತ್ರ ನೋಡಿ ಗಾಬರಿಯಾದವರು ಜಾಸ್ತಿ.

ಆನ್ಸಿಬಲ್‌ಗೂ ಮಿತಿ ಇದೆ. ಆಫ್ ಆಗಿರುವ ಮಷಿನ್‌ಗೆ ಅದು ತಲುಪುವುದೇ ಇಲ್ಲ. ಒಮ್ಮೆ ಲ್ಯಾಬ್‌ಗೆ ಓಡಿಸಿದಾಗ 30ರಲ್ಲಿ 11 'ಅನ್‌ರೀಚಬಲ್' ಎಂದು ಬಂತು. ಅವನ್ನು ಮತ್ತೆ ನೆನಪಿಟ್ಟು ಹಿಡಿಯುವ ಕೆಲಸ ನಮ್ಮದೇ ಅಲ್ವಾ? ಹಾಗಾಗಿ ಡೆಸ್ಕ್‌ಟಾಪ್‌ಗಳನ್ನು ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್‌ಗೇ ಬಿಟ್ಟಿದ್ದೇನೆ. ಜೊತೆಗೆ ಒಂದು ಸರ್ವರ್‌ನಲ್ಲಿ ಆಪ್ಟ್ ಕ್ಯಾಚರ್ ಎನ್‌ಜಿ ಹಾಕಿದ್ದೇನೆ, ಒಮ್ಮೆ ಇಳಿಸಿದ ಪ್ಯಾಕೇಜನ್ನು ಇಟ್ಟುಕೊಂಡು ಉಳಿದ ಮಷಿನ್‌ಗಳಿಗೆ ಕೊಡುವ ತಂತ್ರಾಂಶ ಅದು. ಒಂದೇ ಕರ್ನಲ್ ಪ್ಯಾಕೇಜನ್ನು 30 ಸಲ ಹೊರಗಿನಿಂದ ಎಳೆಯುವುದು ತಪ್ಪಿತು.

ಸರ್ವರ್‌ಗಳ ಸರದಿ ಶನಿವಾರ ಸಂಜೆ, ಲ್ಯಾಬ್ ಖಾಲಿಯಾದ ಮೇಲೆ. ಪೋಸ್ಟ್‌ಗ್ರೆಸ್ ಪ್ಯಾಕೇಜ್‌ಗಳು ಹೋಲ್ಡ್‌ನಲ್ಲಿ ಇರುತ್ತವೆ, ಅಂದರೆ ಅಪ್‌ಡೇಟ್ ಆಗದಂತೆ ತಡೆದಿರುತ್ತೇನೆ. ಹತ್ತು ಸರ್ವರ್ ಮುಗಿದ ಮೇಲೆ ಹೋಲ್ಡ್ ತೆಗೆದು ರೆಪ್ಲಿಕಾ, ಅದು ಮುಖ್ಯ ಡೇಟಾಬೇಸ್ ಜೊತೆ ಸರಿಯಾಗಿ ಸೇರಿಕೊಂಡ ಮೇಲೆ ಮುಖ್ಯ ಡೇಟಾಬೇಸ್. ಆ ಎರಡು ಸರ್ವರ್ ಮುಗಿಯುವವರೆಗೆ ನಾನು ಪರದೆ ಮುಂದಿನಿಂದ ಏಳುವುದಿಲ್ಲ.