ಮರವಂತೆಯಲ್ಲಿ ಸಿಡಿಲಿನ ರಾತ್ರಿ, ಬಾಡಿಗೆ ಕ್ಯಾರವಾನಿನ ಒಳಗೆ

ಮೇ ಮೊದ್ಲ ವಾರ ಮಂಗ್ಳೂರಿನಿಂದ ಒಂದು ಕ್ಯಾರವಾನ್ ಬಾಡಿಗೆಗೆ ತಗೊಂಡು ಎರಡು ರಾತ್ರಿ ಹೋಗಿ ಬಂದೆವು, ನಾನು, ನಮ್ಮವರು, ಮಗ ಮತ್ತೆ ಅಮ್ಮ. ಟೆಂಪೋ ಟ್ರಾವೆಲರನ್ನೇ ಆಲ್ಟರ್ ಮಾಡಿದ ಗಾಡಿ, ನಾಲ್ಕು ಜನ ಮಲಗ್ಲಿಕ್ಕೆ ಆಗ್ತದೆ, ಒಲೆ, ಫ್ರಿಜ್ಜು, ಟಾಯ್ಲೆಟ್ ಎಲ್ಲ ಉಂಟು, ಡ್ರೈವರ್ ಅವರ ಕಡೆಯವರೇ. ಮೊದಲ ರಾತ್ರಿ ಕಾಪುವಿನಲ್ಲಿ, 1901ರ ಲೈಟ್‌ಹೌಸ್ ಕಾಣುವ ಜಾಗ, ಸೆಕೆ ಬಿಟ್ರೆ ತೊಂದರೆ ಎಂತದ್ದೂ ಇರ್ಲಿಲ್ಲ.

ಎರಡನೇ ದಿನ ಮರವಂತೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ಮಧ್ಯೆ ಹೈವೇ. ಸಂಜೆಗೇ ಘಟ್ಟದ ಕಡೆ ಮೋಡ ಕಪ್ಪಾಗಿ ಕಟ್ಟಿತ್ತು. ಪರಿಚಯದವರ ತೋಟದಲ್ಲಿ ತೆಂಗಿನ ಮರದಡಿ ನಿಲ್ಸುವ ಅಂತ ನಾವು, ಡ್ರೈವರಣ್ಣ ಒಪ್ಪಲೇ ಇಲ್ಲ. "ಇಲ್ಲಿ ಬೇಡ ಅಕ್ಕ, ಸಿಡಿಲು ಮೊದ್ಲು ಹುಡುಕುದು ತೆಂಗನ್ನೇ, ಗಾಳಿಗೆ ಕಾಯಿ ಬಿದ್ರೂ ಗಾಜು ಹೋಯ್ತು" ಅಂತ ಹೇಳಿ ಮರಗಳಿಂದ ದೂರ, ಅಂಗಳದ ಬದಿಗೆ ತಂದು ನಿಲ್ಸಿದ್ರು. ಅವರ ಮೊಬೈಲಲ್ಲಿ ದಾಮಿನಿ ಆಪ್ ಉಂಟು, ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು, ಹತ್ತಿರದಲ್ಲಿ ಸಿಡಿಲು ಬಿದ್ರೆ ತೋರಿಸ್ತದೆ. ಮನೆಯಿಂದ ಎಳೆದ ಕರೆಂಟಿನ ವಯರನ್ನು ಮಳೆ ಬರುವ ಮೊದ್ಲೇ ತೆಗ್ದು ಸುತ್ತಿಟ್ರು.

ಒಂಬತ್ತು ಗಂಟೆಗೆ ಶುರುವಾಯ್ತು ಮಾರಾಯ್ರೆ. ಮಗ ಮಿಂಚು ಕಂಡ ಕೂಡ್ಲೆ ಎಣಿಸ್ತಾ ಇದ್ದ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ, ಒಂಬತ್ತು ಇದ್ದದ್ದು ಆರಾಯ್ತು, ಆಮೇಲೆ ಎಣಿಸ್ಲಿಕ್ಕೆ ಬಾಯಿ ತೆರೆಯುವಷ್ಟರಲ್ಲೇ ಗುಡುಗು. ಅಮ್ಮ ಅವನನ್ನು ಮಡಿಲಿಗೆ ಎಳ್ಕೊಂಡು ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಅಂತ ಹೇಳ್ತಾ ಕೂತ್ರು. ಗಾಡಿ ಗಾಳಿಗೆ ಸ್ಪ್ರಿಂಗಿನ ಮೇಲೆ ಅಲ್ಲಾಡ್ತಿತ್ತು. ನಮ್ಮನ್ನು ಕಾಯುದು ಟಯರಿನ ರಬ್ಬರ್ ಅಲ್ಲ, ಸುತ್ತ ಇರುವ ಕಬ್ಬಿಣದ ಬಾಡಿ, ಸಿಡಿಲು ಬಡಿದ್ರೂ ಕರೆಂಟು ಹೊರಮೈಯಿಂದಲೇ ನೆಲಕ್ಕೆ ಇಳಿತದೆ, ಆದ್ರೆ ಬಾಗಿಲು ಕಿಟಕಿ ಮುಚ್ಚಿರಬೇಕು, ಲೋಹದ ಹಿಡಿ ನಳ್ಳಿ ಮುಟ್ಬಾರ್ದು, ಇದೆಲ್ಲ ಡ್ರೈವರಣ್ಣನೇ ಬಿಡಿಸಿ ಹೇಳಿದ್ದು. ಪೂರ್ತಿ ಫೈಬರ್ ಬಾಡಿಗೆ ಈ ರಕ್ಷಣೆ ಇಲ್ಲ, ಹಾಗಾಗಿ ಬುಕ್ ಮಾಡುವಾಗ ಬಾಡಿ ಯಾವುದ್ರದ್ದು ಅಂತ ದಯವಿಟ್ಟು ಕೇಳಿ.

ಈಗ ಬೇಜಾರಿನ ವಿಷಯ. ಟಾಪಿನಲ್ಲಿ ಗಾಳಿಗೆ ಇಟ್ಟ ಕಿಂಡಿಯ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು, ಅಮ್ಮನ ತಲೆದಿಂಬಿನ ಮೇಲೆ ಟಪ್ ಟಪ್ ನೀರು, ರಾತ್ರಿಯಿಡೀ ಅಲ್ಲಿ ಪಾತ್ರೆ ಇಟ್ಟು ಅಮ್ಮ ಕೂತೇ ಕಳೆದ್ರು. ಬದಿಗೆ ಬಿಡಿಸುವ ಶೀಟಿನ ಚಪ್ಪರದ ಹ್ಯಾಂಡಲ್ ಉಪ್ಪುಗಾಳಿಗೆ ತುಕ್ಕು ಹಿಡಿದು ತಿರುಗುದೇ ಇಲ್ಲ, ಮಳೆ ಹನಿಯುವಾಗ ನಮ್ಮವರೂ ಡ್ರೈವರಣ್ಣನೂ ಸೇರಿ ಜಗ್ಗಿ ಮಡಚಿದ್ದು. ಗಾಳಿ ಇನ್ನೂ ಐದು ನಿಮಿಷ ಬೇಗ ಬಂದಿದ್ರೆ ಅದು ಹರಿದು ಯಾರ ಮುಖಕ್ಕಾದ್ರೂ ಬಡೀತಿತ್ತು. ವಯಸ್ಸಾದವರನ್ನು ಕರ್ಕೊಂಡು ಬರ್ತೇವೆ ಅಂತ ಹೇಳಿಯೇ ಬುಕ್ ಮಾಡಿದ್ದು, ಆಫೀಸಿನವರು ಒಮ್ಮೆ ನೋಡ್ಬೇಕಿತ್ತಲ್ಲ? ಫೋನ್ ಮಾಡಿದ್ದಕ್ಕೆ ಜೂನಿಗೆ ಮೊದ್ಲು ಸರಿ ಮಾಡಿಸ್ತೇವೆ ಅಂದ್ರು.

ಮಳೆ ನಿಂತ ಕೂಡ್ಲೆ ಮಗ ಇಳೀಲಿಕ್ಕೆ ಹೊರಟ, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗ್ಲಿ ಪುಟ್ಟ ಅಂತ ಡ್ರೈವರಣ್ಣ ಬಾಗಿಲಿಗೆ ಅಡ್ಡ ಕೂತ್ರು. ಅದೇ ಡ್ರೈವರ್ ಬರುದಾದ್ರೆ ನವೆಂಬರಿನಲ್ಲಿ ನಾವು ಪುನಃ ಹೋಗ್ತೇವೆ, ಹೊರಡುವ ಮೊದ್ಲು ಆ ಕಿಂಡಿಗೆ ಎರಡು ಕೊಡಪಾನ ನೀರು ಹೊಯ್ದು ನೋಡಿಯೇ.