ಬೆರಳಿಗೆ ಹಾಕುವ ಸಿಲಿಕೋನ್ ಬ್ರಷ್: ಮೊದಲ ಹಲ್ಲಿಗೆ ಓಕೆ, ಆಮೇಲೆ ಬೇಡ

ಮಗಳಿಗೆ ಕೆಳಗಿನ ಮುಂದಿನ ಹಲ್ಲು ಮೂಡಿದಾಗ ತೆಗೆದುಕೊಂಡ ಬ್ರಷ್ ಇದು. ಮೆತ್ತಗಿದೆ, ಬಿಸಿನೀರಲ್ಲಿ ತೊಳೆಯೋದು ಸುಲಭ, ವಸಡು ಕಡಿಯುತ್ತಿರುವಾಗ ಇದರಿಂದ ಮೆಲ್ಲಗೆ ಉಜ್ಜಿದರೆ ಅಳುವೂ ಸ್ವಲ್ಪ ತಗ್ಗುತ್ತದೆ. ಅಷ್ಟರ ಮಟ್ಟಿಗೆ ಇಷ್ಟವಾಯಿತು.

ಆದರೆ ಪ್ಯಾಕೆಟ್ ಮೇಲೆ 3 ವರ್ಷದವರೆಗೆ ಬಳಸಬಹುದು ಅಂತ ಬರೆದಿದ್ದಾರಲ್ಲ, ಅದು ಜಾಸ್ತಿಯಾಯಿತು. ಒಂದು ವರ್ಷ ದಾಟಿ ದವಡೆ ಹಲ್ಲು ಬರಲು ಶುರುವಾದ ಮೇಲೆ ಅದರ ಸಣ್ಣ ಸಂದುಗಳಲ್ಲಿ ಕೂತ ಕೊಳೆಯನ್ನು ಈ ದಪ್ಪ ಎಳೆಗಳು ಸರಿಯಾಗಿ ತೆಗೆಯುವುದೇ ಇಲ್ಲ, ಮೇಲಿಂದ ಬೆರಳು ಕಚ್ಚಿಸಿಕೊಳ್ಳುವ ಭಾಗ್ಯ ಬೇರೆ! ಆಗ ಸಣ್ಣ ತಲೆಯ, ಮೆತ್ತನೆ ನೈಲಾನ್ ಎಳೆಯ ಬ್ರಷ್ಷೇ ಸರಿ.

ಜೊತೆಗೆ ಕೊಡುವ ಪೇಸ್ಟ್‌ನಲ್ಲಿ ಫ್ಲೋರೈಡ್ ಇಲ್ಲ. ಹುಳುಕು ತಡೆಯೋಕೆ ಬೇಕಾಗಿರುವುದೇ ಅದು ಅಲ್ವಾ? ಸುಮ್ನೆ ಸಿಹಿ ಜೆಲ್ ಇದು. ಸುಮಾರು 1000 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಫ್ಲೋರೈಡ್ ಇರುವ ಪೇಸ್ಟನ್ನು 3 ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಹಾಕಿದರೆ ಸಾಕು. ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಬ್ರಷ್ ತುಂಬ ಮೆತ್ತಿದ್ದಾರೆ, ಹಾಗೆ ಮಾಡಬೇಡಿ.

ಹಾಲುಹಲ್ಲು ಹೇಗೂ ಬಿದ್ದು ಹೋಗುತ್ತೆ ಅಂತ ಬಿಟ್ಟುಬಿಡುವವರೂ ಇದ್ದಾರೆ. ಹಿಂದಿನ ಹಾಲುಹಲ್ಲುಗಳು 10-12 ವರ್ಷದವರೆಗೂ ಇರುತ್ತವೆ, ಹುಳುಕಾಗಿ ಬೇಗ ಕೀಳಬೇಕಾಗಿ ಬಂದರೆ ಪಕ್ಕದವು ವಾಲಿಕೊಂಡು ಹೊಸ ಹಲ್ಲಿಗೆ ಜಾಗವೇ ಸಾಲದೆ ಹೋಗಬಹುದು.

5ಕ್ಕೆ 3 ಸ್ಟಾರ್. ತುಂಬ ಪುಟ್ಟ ಮಕ್ಕಳಿಗೆ ಬ್ರಷ್ ಮಾತ್ರ ತಗೊಳ್ಳಿ, ಪೇಸ್ಟ್ ಸೇರಿದ ಸೆಟ್ ಬೇಡ.